ದುಬೈನಲ್ಲಿ ಒಳ್ಳೆಯ ಫಿಲಿಪಿನೋ ಊಟ: ಮೊದಲು ಯಾವ ಊರಿನದು ಅಂತ ಕೇಳಿ

ಪ್ರಶ್ನೆ: ನಾನು ಉಡುಪಿ ಕಡೆಯವನು, ದುಬೈನಲ್ಲಿ ಕೆಲಸ. ನನ್ನ ಹೆಂಡತಿ ಫಿಲಿಪೀನ್ಸಿನ ಇಲೊಯಿಲೊ ಊರಿನವಳು, ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್. ದುಬೈನಲ್ಲಿ ಫಿಲಿಪಿನೋ ಹೋಟೆಲುಗಳಿಗೆ ಬರವಿಲ್ಲ. ಜನ ಹೊಗಳುವ ಕಡೆಗೆಲ್ಲ ಅವಳನ್ನು ಕರೆದುಕೊಂಡು ಹೋಗಿದ್ದೇನೆ. ಚೆನ್ನಾಗಿದೆ ಅನ್ನುತ್ತಾಳೆ, ಆದರೆ ಪ್ರತಿ ಸಲ "ನಮ್ಮ ಮನೆಯದು ಹೀಗಿರಲ್ಲ" ಅಂತಲೂ ಸೇರಿಸುತ್ತಾಳೆ. ಒಳ್ಳೆಯ ಫಿಲಿಪಿನೋ ಊಟವನ್ನು ಹುಡುಕುವುದು ಹೇಗೆ? ಮನೆಯಲ್ಲೇ ಮಾಡೋಣ ಅಂದರೆ ಎಲ್ಲಿಂದ ಶುರು ಮಾಡಲಿ? ನನಗೆ ನಮ್ಮ ಊರಿನ ಅಡುಗೆ ಚೆನ್ನಾಗಿ ಬರುತ್ತದೆ, ಅವಳ ಊರಿನದು ಏನೂ ಗೊತ್ತಿಲ್ಲ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಹೆಂಡತಿ ಇಲೊಯಿಲೊದವರು. ನೀವು ಹುಡುಕುತ್ತಿರುವುದು ಫಿಲಿಪಿನೋ ಊಟ. ಅವರಿಗೆ ಬೇಕಾಗಿರುವುದು ಇಲೊಯಿಲೊ ಊಟ.

ನೀವು ಉಡುಪಿಯವರಾದ್ದರಿಂದ ಇದು ಬೇಗ ಅರ್ಥವಾಗುತ್ತದೆ. ಬಸಳೆ ಸಾರು, ಪತ್ರೊಡೆ ನೆನಪಾಗಿ ಕೂತಿರುವಾಗ ಯಾರೋ ನಿಮ್ಮನ್ನು "ಸೌತ್ ಇಂಡಿಯನ್" ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರೆ ಹೇಗಿರುತ್ತದೆ? ದೋಸೆ ಚೆನ್ನಾಗಿಯೇ ಇರಬಹುದು. ಆದರೆ ಹಸಿವು ಹಾಗೇ ಉಳಿಯುತ್ತದೆ, ಅಲ್ವಾ?

ಫಿಲಿಪೀನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಹೊರದೇಶದ ಫಿಲಿಪಿನೋ ಹೋಟೆಲುಗಳು ಎಲ್ಲ ದ್ವೀಪದವರಿಗೂ ಗೊತ್ತಿರುವ ಅಡುಗೆಯನ್ನೇ ಮೆನುವಿನಲ್ಲಿ ಇಡುತ್ತವೆ. ಅಡೋಬೊ, ಸಿನಿಗಾಂಗ್ ಎಂಬ ಹುಳಿ ಸಾರು, ಕರೆ-ಕರೆ ಎಂಬ ಕಡಲೆಕಾಯಿ ಗೊಜ್ಜಿನ ಮಾಂಸ, ಸಿಸಿಗ್, ಲುಂಪಿಯಾ, ಪನ್ಸಿಟ್ ಎಂಬ ನೂಡಲ್ಸ್. ಇವುಗಳಲ್ಲಿ ಹೆಚ್ಚಿನವು ಮನಿಲಾ ಮತ್ತು ಅದರ ಸುತ್ತಲಿನ ಪ್ರಾಂತ್ಯಗಳ ರುಚಿಯಲ್ಲಿ ಬರುತ್ತವೆ. ಇಲೊಯಿಲೊ ಇರುವುದು ದೇಶದ ನಡುಭಾಗದಲ್ಲಿ, ಪನಾಯ್ ದ್ವೀಪದಲ್ಲಿ. ಅಲ್ಲಿಯ ಭಾಷೆ ಹಿಲಿಗಾಯ್ನೊನ್. ಅಲ್ಲಿಯ ಜನರನ್ನು, ಅಡುಗೆಯನ್ನು ಇಲೊಂಗೊ ಅನ್ನುತ್ತಾರೆ. 2023ರಲ್ಲಿ ಯುನೆಸ್ಕೊ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಇಲೊಯಿಲೊವನ್ನು ಅಡುಗೆಯ ನಗರ ಎಂದೇ ಸೇರಿಸಿಕೊಂಡಿತು. ಫಿಲಿಪೀನ್ಸಿನಲ್ಲಿ ಆ ಮನ್ನಣೆ ಪಡೆದ ಮೊದಲ ಊರು ಅದು. ಅಂಥ ಊರಿನಲ್ಲಿ ಬೆಳೆದವರ ನಾಲಿಗೆ ಸುಲಭಕ್ಕೆ ಒಪ್ಪದಿರುವುದು ಸಹಜ.

ನಾನು ಕೊಲ್ಲಿಯ ಹೋಟೆಲ್ ಅಡುಗೆಮನೆಗಳಲ್ಲಿ ಫಿಲಿಪಿನೋ ಬಾಣಸಿಗರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು. ಗಿರಾಕಿಗಳಿಗೆ ಮಾಡುವ ಅಡುಗೆ ಒಂದು, ಕೆಲಸದವರು ತಮಗೆ ತಾವು ಮಾಡಿಕೊಳ್ಳುವ ಅಡುಗೆ ಇನ್ನೊಂದು. ಅವರ ಅಡುಗೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಎರಡನೇ ಊಟದಿಂದ. ನೀವು ಹುಡುಕಬೇಕಾದದ್ದೂ ಅದನ್ನೇ.

ರುಚಿ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಮೊದಲು ನೋಡೋಣ. ದುಬೈನಲ್ಲಿ ಒಂದು ಕಾರಣ ಎದ್ದು ಕಾಣುತ್ತದೆ: ಹಂದಿಮಾಂಸ. ಅದನ್ನು ಬಡಿಸಲು ಹೋಟೆಲಿಗೆ ಬೇರೆ ಪರವಾನಗಿ ಬೇಕು. ಹೆಚ್ಚಿನ ಸಣ್ಣ ಫಿಲಿಪಿನೋ ಹೋಟೆಲುಗಳು ಅದರ ತಂಟೆಗೆ ಹೋಗದೆ ಕೋಳಿ ಮತ್ತು ದನದ ಮಾಂಸದಲ್ಲೇ ಎಲ್ಲವನ್ನೂ ಮಾಡುತ್ತವೆ. ಇಲೊಯಿಲೊದ ಲಾ ಪಾಸ್ ಮಾರುಕಟ್ಟೆಯ ಹೆಸರು ಹೊತ್ತ ಬಚೋಯ್ ಎಂಬ ನೂಡಲ್ಸ್ ಸಾರು ಇದೆ. ಹಂದಿಯ ಎಲುಬಿನ ಸಾರು, ಈಲಿ, ಒಳಗಿನ ಭಾಗಗಳು, ಮೇಲೆ ಪುಡಿ ಮಾಡಿದ ಕರಿದ ಚರ್ಮ. ಇದನ್ನು ದನದ ಮಾಂಸದಲ್ಲಿ ಮಾಡಿದರೆ ಹೊಟ್ಟೆ ತುಂಬುತ್ತದೆ, ನೆನಪು ತೃಪ್ತಿಪಡುವುದಿಲ್ಲ. ಅಂಥ ಅಡುಗೆಯ ಬೆನ್ನು ಹತ್ತಬೇಡಿ. ಬದಲಿಗೆ ಮೊದಲಿನಿಂದಲೂ ಕೋಳಿ, ದನ, ಮೀನು, ತರಕಾರಿಯಲ್ಲೇ ಮಾಡುತ್ತ ಬಂದ ಇಲೊಂಗೊ ಅಡುಗೆಗಳ ಕಡೆ ಹೋಗಿ. ಅವು ದುಬೈನಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಅಂಥವು ಬೇಕಾದಷ್ಟು ಇವೆ, ಮುಂದೆ ಹೇಳುತ್ತೇನೆ.

ಎರಡನೇ ಕಾರಣ ಹುಳಿ. ನನ್ನ ಪ್ರಕಾರ ಇದೇ ದೊಡ್ಡದು, ಆದರೆ ಇದರ ಬಗ್ಗೆ ಮಾತಾಡುವವರು ಕಮ್ಮಿ. ಫಿಲಿಪಿನೋ ಅಡುಗೆಯ ಜೀವ ಇರುವುದು ಹುಳಿಯಲ್ಲಿ. ನಾವು ಮಸಾಲೆಗೆ ಕೊಡುವ ಗಮನವನ್ನು ಅವರು ಹುಳಿಗೆ ಕೊಡುತ್ತಾರೆ. ಕಬ್ಬಿನ ವಿನೆಗರ್ ಬೇರೆ, ತೆಂಗಿನ ಕಳ್ಳಿನ ವಿನೆಗರ್ ಬೇರೆ, ನೀಪಾ ತಾಳೆಯ ವಿನೆಗರ್ ಬೇರೆ. ಸಾರಿಗೆ ಹಸಿ ಹುಣಸೆಕಾಯಿ, ಮಾವಿನಕಾಯಿ, ಸೀಬೆ, ಬಿಂಬುಳಿ. ಹೌದು, ನಮ್ಮ ಬಿಂಬುಳಿಯೇ. ಮನಿಲಾ ಕಡೆ ಅದನ್ನು ಕಮಿಯಾಸ್ ಅನ್ನುತ್ತಾರೆ, ಇಲೊಯಿಲೊ ಕಡೆ ಇಬಾ. ಇಲೊಯಿಲೊದವರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಬತ್ವಾನ್ ಎಂಬ ಹಸಿರು ಕಾಯಿ. ಅದು ಗಾರ್ಸೀನಿಯಾ ಜಾತಿಯದು. ನಮ್ಮ ಪುನರ್ಪುಳಿ, ಉಪ್ಪಾಗೆ ಕೂಡ ಅದೇ ಜಾತಿ.

ಹೊರದೇಶದ ಹೋಟೆಲಿನಲ್ಲಿ ಈ ಹುಳಿಗಳ ಜಾಗದಲ್ಲಿ ಪ್ಯಾಕೆಟ್ ಪುಡಿ ಬರುತ್ತದೆ. ಬಿಳಿ ಸಿಂಥೆಟಿಕ್ ವಿನೆಗರ್ ಬರುತ್ತದೆ. ಹುಳಿ ಇರುತ್ತದೆ, ಆದರೆ ನಾಲಿಗೆಗೆ ಒಮ್ಮೆ ಚುರುಕ್ ಅನ್ನಿಸಿ ಮಾಯವಾಗುತ್ತದೆ. ಹಣ್ಣಿನ ಪರಿಮಳ ಇರುವುದಿಲ್ಲ. ನಿಮ್ಮ ಹೆಂಡತಿ "ಹೀಗಿರಲ್ಲ" ಅಂದಾಗ ಅವರಿಗೆ ತಪ್ಪಿದ್ದು ಮುಕ್ಕಾಲು ಪಾಲು ಇದೇ ಇರಬೇಕು. ಒಮ್ಮೆ ಬಿಡಿಸಿ ಕೇಳಿ ನೋಡಿ.

ಹಾಗಾಗಿ ಹೋಟೆಲ್ ಪರೀಕ್ಷೆ ಮಾಡುವಾಗ ನಾನು ಹುಳಿಯಿಂದಲೇ ಶುರು ಮಾಡುತ್ತೇನೆ. ಮೇಜಿನ ಮೇಲೆ ಏನಿದೆ ನೋಡಿ. ಮೆಣಸು, ಬೆಳ್ಳುಳ್ಳಿ ಮುಳುಗಿಸಿಟ್ಟ ವಿನೆಗರ್ ಬಾಟಲಿ ಇದ್ದರೆ ಒಳ್ಳೆಯ ಲಕ್ಷಣ. ಸುಟ್ಟ ಕೋಳಿಯ ಜೊತೆ ಕಲಮಾನ್ಸಿ ಎಂಬ ಪುಟ್ಟ ನಿಂಬೆ ಬಂದರೆ ಇನ್ನೂ ಒಳ್ಳೆಯದು. ಹಳದಿ ಲಿಂಬೆಯ ಹೋಳು ಬಂದರೆ ಅಲ್ಲಿ ಯಾರಿಗೋ ಅವಸರ ಅಂತ ತಿಳಿಯಿರಿ. ಸಿನಿಗಾಂಗ್ ಹೇಳುವ ಮೊದಲು "ಹುಣಸೆಯದಾ, ಪುಡಿಯದಾ" ಅಂತ ಕೇಳಿ. ಒಳ್ಳೆಯ ಅಡುಗೆಯವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬಡಿಸುವ ಹೆಂಗಸರನ್ನು ಆತೆ, ಗಂಡಸರನ್ನು ಕುಯಾ ಅಂತ ಕರೆದು ಕೇಳಿದರೆ ನಿಜವಾದ ಉತ್ತರವೇ ಸಿಗುತ್ತದೆ. ಅಕ್ಕ, ಅಣ್ಣ ಅಂದ ಹಾಗೆ.

ಇನಸಾಲ್ ಇನ್ನೊಂದು ಅಳತೆಗೋಲು. ಇದು ಇಲೊಂಗೊ ನಾಡಿನ ಸುಟ್ಟ ಕೋಳಿ. ಪಕ್ಕದ ಬಕೋಲೊಡ್ ನಗರ ಇದಕ್ಕೆ ಎಲ್ಲಕ್ಕಿಂತ ಹೆಸರುವಾಸಿ. 2003ರಲ್ಲಿ ಇಲೊಯಿಲೊದಲ್ಲೇ ಹುಟ್ಟಿದ ಮಾಂಗ್ ಇನಸಾಲ್ ಎಂಬ ಹೋಟೆಲ್ ಸರಣಿ ಇದನ್ನು ದೇಶದ ಮೂಲೆ ಮೂಲೆಗೂ ಒಯ್ದಿತು. ಅದರಿಂದಾಗಿ ಈಗ ಹೊರದೇಶದ ಎಷ್ಟೋ ಫಿಲಿಪಿನೋ ಮೆನುಗಳಲ್ಲಿ ಇನಸಾಲ್ ಇದೆ. ಆದರೆ ಅಸಲಿ ಇನಸಾಲ್ ಸಿಹಿಯಲ್ಲ. ಕಲಮಾನ್ಸಿ, ವಿನೆಗರ್, ಶುಂಠಿ, ಬೆಳ್ಳುಳ್ಳಿ, ನಿಂಬೆಹುಲ್ಲಿನಲ್ಲಿ ನೆನೆಸಿ ಕೆಂಡದ ಮೇಲೆ ಸುಡುತ್ತಾರೆ. ಸುಡುವಾಗ ಅಚುವೆಟೆ, ಅಂದರೆ ಅನ್ನಾಟೊ ಬೀಜದ ಕೆಂಪು ಎಣ್ಣೆ ಸವರುತ್ತಾರೆ. ನಿಂಬೆಹುಲ್ಲಿನ ವಾಸನೆ ಮೊದಲು ಬರಬೇಕು, ಆಮೇಲೆ ಹುಳಿ, ಆಮೇಲೆ ಹೊಗೆ. ಸೋಯಾ ಸಾಸ್ ಸುರಿದು ಸಕ್ಕರೆ ಹಾಕಿ ಮಿರಮಿರ ಹೊಳೆಯುವಂತೆ ಸುಟ್ಟಿದ್ದರೆ ಅದು ಬಾರ್ಬೆಕ್ಯೂ. ತಿನ್ನಬಹುದು, ಆದರೆ ಇನಸಾಲ್ ಅಲ್ಲ. ಅನ್ನದ ಮೇಲೆ ಆ ಕೆಂಪು ಎಣ್ಣೆ ಹಾಕಿಕೊಳ್ಳಲು ಕೊಡುತ್ತಾರೆಯೇ ನೋಡಿ. ಕೊಟ್ಟರೆ ಅಡುಗೆಮನೆಯಲ್ಲಿ ಇಲೊಂಗೊ ಕೈ ಇರುವ ಸಾಧ್ಯತೆ ಜಾಸ್ತಿ.

ಈಗ ಜಾಗದ ವಿಷಯ. ದುಬೈನಲ್ಲಿ ಸತ್ವಾ, ಕರಾಮಾ, ದೇರಾದ ರಿಗ್ಗಾ ಮತ್ತು ಮುರಕ್ಕಬಾತ್ ಸುತ್ತಮುತ್ತ ಫಿಲಿಪಿನೋ ಹೋಟೆಲುಗಳು, ಅಂಗಡಿಗಳು ಒತ್ತಾಗಿವೆ. ಮಾಲ್‌ಗಳ ಒಳಗಿನವನ್ನು ಸದ್ಯಕ್ಕೆ ಬದಿಗಿಡಿ. ನಿಮಗೆ ಬೇಕಾಗಿರುವುದು ತುರೊ-ತುರೊ ಮಾದರಿಯ ಸಣ್ಣ ಜಾಗಗಳು. ಗಾಜಿನ ಹಿಂದೆ ತಟ್ಟೆಗಳಲ್ಲಿ ಅಡುಗೆ ಇಟ್ಟಿರುತ್ತಾರೆ, ಬೇಕಾದ್ದನ್ನು ಬೆರಳಿನಿಂದ ತೋರಿಸಿ ಹಾಕಿಸಿಕೊಳ್ಳುವುದು. ಇಲ್ಲಿ ಅಡುಗೆ ದಿನದಿಂದ ದಿನಕ್ಕೆ ಬದಲಾಗುತ್ತದೆ, ಅಡುಗೆಯವರ ಊರು ಯಾವುದೋ ಆ ರುಚಿ ಒಳಗೆ ನುಸುಳುತ್ತದೆ. ಮೆನು ಕಾರ್ಡ್ ಹೊಳೆಯುವ ಕಡೆ ಇದಕ್ಕೆ ಆಸ್ಪದವಿಲ್ಲ.

ಹೊತ್ತು ನೋಡಿಕೊಂಡು ಹೋಗಿ. ತುರೊ-ತುರೊ ಅಡುಗೆ ಬೆಳಗ್ಗೆ ಆಗುತ್ತದೆ. ಮಧ್ಯಾಹ್ನ ಹನ್ನೆರಡರ ಒಳಗೆ ಹೋದರೆ ಸೊಪ್ಪಿಗೆ ಇನ್ನೂ ಹಸಿರು ಇರುತ್ತದೆ, ಸಾರಿಗೆ ಬಿಸಿ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಹೋಗಿ ಅದೇ ಸಾರು ತಿಂದು ಹೋಟೆಲನ್ನು ಬೈಯುವುದು ನ್ಯಾಯವಲ್ಲ. ಮಧ್ಯಾಹ್ನ ಮೂರರ ಮೆರಿಯೆಂಡಾ ಹೊತ್ತು, ಅಂದರೆ ನಮ್ಮ ಕಾಫಿ ತಿಂಡಿ ಹೊತ್ತು, ಬೇರೆಯೇ ಲೋಕ. ಆಗ ತೆಂಗಿನಹಾಲಿನಲ್ಲಿ ಬೇಯಿಸಿದ ಗೆಣಸು, ಬಾಳೆಹಣ್ಣು, ಸಾಬಕ್ಕಿಯ ಗಿನತಾನ್ ಸಿಗುತ್ತದೆ. ಪುತೊ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿ ತಿಂಡಿ ಸಿಗುತ್ತದೆ. ಒಬ್ಬರೇ ಹೋದರೂ ಪರವಾಗಿಲ್ಲ, ಆ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ.

ಇಂಟರ್ನೆಟ್ಟಿನ ಸ್ಟಾರುಗಳಿಗಿಂತ ನಿಮ್ಮ ಹತ್ತಿರ ಒಳ್ಳೆಯ ದಾರಿ ಇದೆ: ಆಸ್ಪತ್ರೆ. ನಿಮ್ಮ ಹೆಂಡತಿಯ ವಾರ್ಡಿನಲ್ಲಿ, ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬ ಇಲೊಂಗೊ ಇದ್ದೇ ಇರುತ್ತಾರೆ. ಶಿಫ್ಟ್ ಮುಗಿಸಿ ಅವರು ಎಲ್ಲಿ ತಿನ್ನುತ್ತಾರೆ, ಹುಟ್ಟುಹಬ್ಬಕ್ಕೆ ಪನ್ಸಿಟ್ ಯಾರ ಹತ್ತಿರ ಮಾಡಿಸುತ್ತಾರೆ ಅಂತ ಕೇಳಿಸಿ. "ಒಳ್ಳೆ ಹೋಟೆಲ್ ಯಾವುದು" ಅಂತ ಕೇಳಿದರೆ ಎಲ್ಲರೂ ದೊಡ್ಡ ಹೆಸರು ಹೇಳುತ್ತಾರೆ. "ಬತ್ವಾನ್ ಹಾಕಿದ ಅಡುಗೆ ಎಲ್ಲಾದರೂ ತಿಂದಿದ್ದೀರಾ" ಅಂತ ಕೇಳಿದರೆ ಬೇರೆ ಉತ್ತರ ಬರುತ್ತದೆ. ಊದ್ ಮೇಥಾದ ಸೇಂಟ್ ಮೇರಿಸ್ ಚರ್ಚಿಗೆ ವಾರಾಂತ್ಯದಲ್ಲಿ ಬರುವ ಫಿಲಿಪಿನೋ ಜನಸಂದಣಿ ಇಂಥ ಸುದ್ದಿಯ ಗಣಿ. ಇಲೊಯಿಲೊದ ದೊಡ್ಡ ಹಬ್ಬ ದಿನಾಗ್ಯಾಂಗ್ ನಡೆಯುವುದು ಜನವರಿಯ ನಾಲ್ಕನೇ ಭಾನುವಾರ. ಆ ಸಮಯಕ್ಕೆ ಹೊರದೇಶದ ಇಲೊಂಗೊಗಳೂ ಒಂದೆಡೆ ಸೇರಿ ಅಡುಗೆ ಮಾಡುವುದುಂಟು. ಅಂಥ ಒಂದು ಊಟ ಹತ್ತು ಹೋಟೆಲಿಗೆ ಸಮ.

ಮನೆಯಲ್ಲಿ ಅಡುಗೆ ಮಾಡಿ ಮಾರುವವರ ಬಗ್ಗೆ ಒಂದು ಮಾತು. ಇಲೊಂಗೊ ಅಡುಗೆ ದುಬೈನಲ್ಲಿ ಚೆನ್ನಾಗಿ ಸಿಗುವುದು ಅವರ ಹತ್ತಿರವೇ. ಆದರೆ ಇಲ್ಲಿ ಆಹಾರ ಮಾರಲು ಪರವಾನಗಿ ಬೇಕು. ಇದೆಯಾ ಅಂತ ಕೇಳಿಯೇ ಆರ್ಡರ್ ಕೊಡಿ. ಇಬ್ಬರಿಗೂ ಅದೇ ಕ್ಷೇಮ.

ಇನ್ನು ಮನೆಯ ಅಡುಗೆ. ನಿಮ್ಮ ಪತ್ರದ "ಅವಳ ಊರಿನದು ಏನೂ ಗೊತ್ತಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಉಡುಪಿಯ ಅಡುಗೆ ಗೊತ್ತಿರುವವರಿಗೆ ಇಲೊಂಗೊ ಸಾಮಾನಿನಲ್ಲಿ ಅರ್ಧ ಆಗಲೇ ಗೊತ್ತು. ಅವರ ಕಾಡ್ಯೊಸ್ ನಮ್ಮ ತೊಗರಿ. ಲಾಂಗ್ಕಾ ಹಲಸು. ಉಬಾದ್ ಬಾಳೆದಿಂಡು. ಅಲುಗ್ಬಾಟಿ ಬಸಳೆ. ಮಲುಂಗ್ಗಾಯ್ ನುಗ್ಗೆ ಸೊಪ್ಪು. ಗಾಬಿ ಕೆಸು. ಪತೋಲಾ ಹೀರೆಕಾಯಿ. ಬಾಂಗುಸ್ ಎಂಬ ಮೀನು ನಮ್ಮ ಕರಾವಳಿಯ ಹೂಮೀನು. ಇವೆಲ್ಲ ಬರ್ ದುಬೈ, ಕರಾಮಾದ ನಮ್ಮವರ ಮತ್ತು ಮಲಯಾಳಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಫಿಲಿಪಿನೋ ಅಂಗಡಿಗೆ ಹೋಗಬೇಕಾದದ್ದು ಕೆಲವೇ ಬಾಟಲಿಗಳಿಗೆ.

ಮೊದಲು ಮಾಡಬೇಕಾದದ್ದು ಲಸ್ವಾ. ಸುಲಭ ಅಂತ ಮಾತ್ರವಲ್ಲ, ಇಲೊಂಗೊ ಮನೆಗಳ ದಿನನಿತ್ಯದ ಸಾರು ಇದು, ಹೋಟೆಲಿನವರು ಮಾಡುವುದೇ ಅಪರೂಪ. ನೀರಿಗೆ ಈರುಳ್ಳಿ, ಟೊಮೆಟೊ ಹಾಕಿ ಕುದಿಸಿ. ಸ್ವಲ್ಪ ಸಿಗಡಿ ಅಥವಾ ಒಣಮೀನು ಹಾಕಿ. ಆಮೇಲೆ ಗಟ್ಟಿ ತರಕಾರಿ ಮೊದಲು, ಮೆತ್ತನೆಯದು ಕೊನೆಗೆ: ಸಿಹಿಗುಂಬಳ, ಅಲಸಂಡೆ, ಬದನೆ, ಬೆಂಡೆ, ಕೊನೆಯಲ್ಲಿ ಬಸಳೆ ಅಥವಾ ಸಲುಯೋಟ್ ಸೊಪ್ಪು. ಉಪ್ಪು. ಅಷ್ಟೇ. ಒಗ್ಗರಣೆ ಇಲ್ಲ, ಕಾಯಿ ಇಲ್ಲ, ಮಸಾಲೆ ಇಲ್ಲ. ನಮ್ಮ ಕೈ ಒಗ್ಗರಣೆ ಕಡೆ ಓಡುತ್ತದೆ, ತಡೆದುಕೊಳ್ಳಿ. ಸಾರು ತೆಳ್ಳಗೆ, ಲೋಳೆಯಾಗಿ, ತರಕಾರಿಯ ಸ್ವಂತ ಸಿಹಿಯಲ್ಲಿ ನಿಲ್ಲಬೇಕು. ಸಲುಯೋಟ್ ಎಲ್ಲಿ ಹುಡುಕಲಿ ಅನ್ನಬೇಡಿ. ಅರಬರು ಮುಲುಖಿಯಾ ಅನ್ನುವ ಸೊಪ್ಪು ಅದೇ. ದುಬೈನ ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಹಸಿಯದೂ ಸಿಗುತ್ತದೆ, ಫ್ರೀಜ್ ಮಾಡಿದ್ದೂ ಸಿಗುತ್ತದೆ. ಹೆಚ್ಚದೆ ಇಡೀ ಎಲೆ ಇರುವುದನ್ನು ತನ್ನಿ.

ಎರಡನೆಯದು ಕೆಎಂಯು. ಕಾಡ್ಯೊಸ್, ಮನೋಕ್, ಉಬಾದ್. ಅಂದರೆ ತೊಗರಿ, ಕೋಳಿ, ಬಾಳೆದಿಂಡು. ಇದರ ಹಂದಿಮಾಂಸದ ಅಣ್ಣ ಕೆಬಿಎಲ್ ಹೆಚ್ಚು ಪ್ರಸಿದ್ಧ. ಅದರಲ್ಲಿ ತೊಗರಿ, ಹಂದಿಯ ಕಾಲು, ಎಳೆ ಹಲಸು ಇರುತ್ತದೆ. ದುಬೈನಲ್ಲಿ ಕೆಲವು ಸೂಪರ್ ಮಾರ್ಕೆಟ್ಟುಗಳ ಪ್ರತ್ಯೇಕ ಕೋಣೆಯಲ್ಲಿ ಹಂದಿಮಾಂಸ ಸಿಗುತ್ತದೆ, ನಿಮ್ಮ ಮನೆಯಲ್ಲಿ ರೂಢಿ ಇದ್ದರೆ ಅದನ್ನೂ ಮಾಡಬಹುದು. ನಾನಂತೂ ಕೆಎಂಯುನಿಂದ ಶುರು ಮಾಡಿ ಅನ್ನುತ್ತೇನೆ, ಯಾಕೆಂದರೆ ಅದರ ಎಲ್ಲ ಸಾಮಾನೂ ನಿಮಗೆ ಪರಿಚಿತ.

ತೊಗರಿಬೇಳೆ ಅಲ್ಲ, ಇಡೀ ತೊಗರಿ ಕಾಳು ಬೇಕು. ಇಲೊಯಿಲೊದಲ್ಲಿ ಕಪ್ಪು ಸಿಪ್ಪೆಯ ಕಾಳು ಬಳಸುತ್ತಾರೆ, ಸಾರಿಗೂ ಆ ಬಣ್ಣ ಬರುತ್ತದೆ. ನಿಮಗೆ ಕಂದು ಬಣ್ಣದ ಒಣ ಕಾಳು ಸಿಗಬಹುದು, ಅದನ್ನು ರಾತ್ರಿ ನೆನೆಹಾಕಿ. ಗುಜರಾತಿಗಳ ತುವರ್ ಲೀಲ್ವಾ, ಅಂದರೆ ಫ್ರೀಜ್ ಮಾಡಿದ ಹಸಿ ತೊಗರಿ, ಕೂಡ ಆಗುತ್ತದೆ. ಅದು ಬೇಗ ಬೇಯುತ್ತದೆ, ಸಾರು ಮಾತ್ರ ಬಿಳಿಚಿಕೊಳ್ಳುತ್ತದೆ. ಕೋಳಿ ಬ್ರಾಯ್ಲರ್ ಬೇಡ. ಬಲಿತ ಕೋಳಿ, ನಮ್ಮ ಊರ ಕೋಳಿಯಂಥದ್ದು ಬೇಕು. ತೊಗರಿಯೂ ಕೋಳಿಯೂ ನಿಧಾನವಾಗಿ ಒಟ್ಟಿಗೆ ಬೇಯಬೇಕು. ಜಜ್ಜಿದ ನಿಂಬೆಹುಲ್ಲಿನ ಗಂಟು ಒಂದನ್ನು ಮೊದಲೇ ಹಾಕಿ. ಬಾಳೆದಿಂಡನ್ನು ನೀವು ಪಲ್ಯಕ್ಕೆ ಹೆಚ್ಚುವ ಹಾಗೇ ನಾರು ತೆಗೆದು ಹೆಚ್ಚಿ, ಉಪ್ಪು ಹಾಕಿ ಹಿಂಡಿ, ಕೋಳಿ ಮುಕ್ಕಾಲು ಬೆಂದ ಮೇಲೆ ಸೇರಿಸಿ. ಕೊನೆಗೆ ಹುಳಿ.

ಆ ಹುಳಿ ಬತ್ವಾನ್ ಆಗಿರಬೇಕು. ಫ್ರೀಜ್ ಮಾಡಿದ ಕಾಯಿಯೋ ಪುಡಿಯೋ ಇದೆಯಾ ಅಂತ ಫಿಲಿಪಿನೋ ಅಂಗಡಿಗಳಲ್ಲಿ ವಿಚಾರಿಸಿ. ಸಿಗದಿದ್ದರೆ ಏನು? ಹುಣಸೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ತಪ್ಪೇನಲ್ಲ, ಆದರೆ ಹುಣಸೆ ಹಾಕಿದ ಕೂಡಲೇ ಸಾರು ಮನಿಲಾ ಕಡೆ ವಾಲುತ್ತದೆ. ಬಿಂಬುಳಿ ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ. ಮಲಯಾಳಿ ಅಂಗಡಿಗಳಲ್ಲಿ ಇರುಂಬನ್ ಪುಳಿ ಅಂತ ಕೇಳಿ. ಅದೂ ಇಲ್ಲವಾದರೆ ಬತ್ವಾನಿನ ನೆಂಟನಾದ ನಮ್ಮ ಪುನರ್ಪುಳಿ. ಅದರ ಕೆಂಪು ಬಣ್ಣ ತೆಳು ಸಾರಿನಲ್ಲಿ ಎದ್ದು ಕಾಣುತ್ತದೆ, ಆದರೆ ತೊಗರಿಯ ಕಪ್ಪು ಸಾರಿನಲ್ಲಿ ಸೇರಿಹೋಗುತ್ತದೆ. ನಾಲ್ಕೈದು ಸಿಪ್ಪೆ ತೊಳೆದು ಹಾಕಿ, ರುಚಿ ನೋಡುತ್ತ ತೆಗೆಯಿರಿ. ಕೊಡಂಪುಳಿ ಕೂಡ ಅದೇ ಜಾತಿ, ಆದರೆ ಹೊಗೆಯಲ್ಲಿ ಒಣಗಿಸಿದ್ದರಿಂದ ಅದರ ವಾಸನೆ ಇಡೀ ಪಾತ್ರೆಯನ್ನು ಮೀನು ಸಾರು ಮಾಡಿಬಿಡುತ್ತದೆ. ಕೋಳಿಗೆ ಬೇಡ.

ಕಾನ್ಸಿ ಮೂರನೆಯದು. ಎಲುಬು, ಮಜ್ಜೆ ಇರುವ ದನದ ಕಾಲಿನ ಮಾಂಸವನ್ನು ಗಂಟೆಗಟ್ಟಲೆ ಕುದಿಸಿ, ಎಳೆ ಹಲಸು ಮತ್ತು ಬತ್ವಾನ್ ಹಾಕಿದ ಸಾರು. ದನದ ಮಾಂಸ ನಿಮ್ಮ ಮನೆಗೆ ಬರುವುದಾದರೆ ಮಾಡಿ. ಇಲ್ಲವಾದರೆ ಹೋಟೆಲಿನಲ್ಲಿ ಅವರಿಗೆ ಕೊಡಿಸಿ. ಹಲಾಲ್ ಅಡುಗೆಮನೆಯಲ್ಲೂ ರುಚಿ ಕೆಡದ ಇಲೊಂಗೊ ಅಡುಗೆ ಅಂದರೆ ಇದು, ಮೆನುವಿನಲ್ಲಿ ಈ ಹೆಸರು ಕಂಡರೆ ಆ ಹೋಟೆಲನ್ನು ಗುರುತು ಹಾಕಿಕೊಳ್ಳಿ. ಬಿನಕೋಲ್ ಎಂಬ ಎಳನೀರಿನಲ್ಲಿ ಬೇಯಿಸಿದ ಕೋಳಿ ಸಾರು ಕಂಡರೂ ಹಾಗೇ. ಪನ್ಸಿಟ್ ಮೊಲೊ ಕೂಡ. ಇಲೊಯಿಲೊದ ಮೊಲೊ ಎಂಬ ಭಾಗದ ಹೆಸರಿನ ಅಡುಗೆ ಅದು. ಪನ್ಸಿಟ್ ಅಂದರೂ ಅದರಲ್ಲಿ ನೂಡಲ್ಸ್ ಇಲ್ಲ, ಮಾಂಸ ತುಂಬಿದ ಪುಟ್ಟ ಕಡುಬುಗಳ ಸಾರು.

ಅಂಗಡಿಯಿಂದ ತರಬೇಕಾದ ಬಾಟಲಿಗಳ ವಿಷಯಕ್ಕೆ ಬರೋಣ. ಲುಲುವಿನಂಥ ದೊಡ್ಡ ಅಂಗಡಿಗಳಲ್ಲೇ ಫಿಲಿಪಿನೋ ಸಾಮಾನಿನ ಸಾಲು ಇದೆ. ದಾತು ಪುಟಿ ಕಬ್ಬಿನ ವಿನೆಗರ್ ಸುಲಭವಾಗಿ ಸಿಗುತ್ತದೆ, ದಿನದ ಬಳಕೆಗೆ ಸಾಕು. ಆದರೆ ಇಲೊಯಿಲೊದ ಸಿನಮಾಕ್ ಎಂಬ ಖಾರದ ವಿನೆಗರ್ ಮಾಡಲು ತೆಂಗಿನ ವಿನೆಗರ್ ಮೇಲು. ಅದರ ಮೇಲೆ ತೆಂಗಿನ ಕಳ್ಳಿನದು ಅಂತ ಬರೆದಿದೆಯಾ ನೋಡಿ. ಶ್ರೀಲಂಕಾದ ತೆಂಗಿನ ವಿನೆಗರ್ ಒಳ್ಳೆಯದು. ನಮ್ಮ ಮಂಗಳೂರು ಕ್ರಿಶ್ಚಿಯನ್ನರ ಮನೆಗಳ ಕಳ್ಳಿನ ವಿನೆಗರ್ ಸಿಕ್ಕರಂತೂ ಬಿಡಬೇಡಿ. ಗಾಜಿನ ಬಾಟಲಿಗೆ ಕೈತುಂಬ ಗಾಂಧಾರಿ ಮೆಣಸು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಗಲಾಂಗಲ್ ಶುಂಠಿಯ ಬಿಲ್ಲೆ ಹಾಕಿ ವಿನೆಗರ್ ತುಂಬಿ. ವಾರ, ಎರಡು ವಾರ ಬಿಡಿ. ಸುಟ್ಟ ಮೀನಿಗೆ, ಕೋಳಿಗೆ, ಕರಿದ ತಿಂಡಿಗೆ ಇದೇ ಜೊತೆ. ಮುಗಿಯುತ್ತ ಬಂದಾಗ ಮತ್ತೆ ವಿನೆಗರ್ ತುಂಬಿದರಾಯಿತು.

ಸಿಗಡಿ ಪೇಸ್ಟ್ ತರುವಾಗ ಎಚ್ಚರ. ಜಾಡಿಯಲ್ಲಿ ಬರುವ ಬಗೂಂಗ್ ಬಹುಪಾಲು ಸಕ್ಕರೆ ಹಾಕಿ ಹುರಿದದ್ದು. ಕರೆ-ಕರೆಗೆ ಅದು ಸರಿ. ಇಲೊಯಿಲೊದ ಗಿನಮೊಸ್ ಗಟ್ಟಿಯಾಗಿ ಒತ್ತಿದ, ಉಪ್ಪು ಜಾಸ್ತಿಯ, ಸಿಹಿ ಇಲ್ಲದ ಪೇಸ್ಟ್. ಅದು ಸಿಗದಿದ್ದರೆ ಮಲೇಷ್ಯಾದ ಬೆಲಚಾನ್ ಹತ್ತಿರ ಬರುತ್ತದೆ. ಪುಟ್ಟ ತುಂಡು ಸಾಕು.

ಅಕ್ಕಿ. ಬಾಸ್ಮತಿ ಈ ಊಟಕ್ಕೆ ಕೂಡುವುದಿಲ್ಲ. ಉದುರುದುರಾಗಿ ಸಾರನ್ನು ಹಿಡಿದುಕೊಳ್ಳುವುದಿಲ್ಲ. ಕುಚ್ಚಲಕ್ಕಿ ನಿಮಗೆ ಪ್ರಿಯವಾದರೂ ಈ ದಿನ ಬದಿಗಿಡಿ. ಜಾಸ್ಮಿನ್ ಅಕ್ಕಿ ತನ್ನಿ, ಸ್ವಲ್ಪ ಅಂಟುವಂತೆ ಮಾಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ ಹುರಿದರೆ ಸಿನಂಗಾಗ್ ಆಗುತ್ತದೆ. ಮೊಟ್ಟೆ, ಒಣಮೀನು, ಸಿನಮಾಕ್ ಇದ್ದರೆ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗೆ ಇದಕ್ಕಿಂತ ಒಳ್ಳೆಯ ತಿಂಡಿ ಇನ್ನೊಂದಿಲ್ಲ.

ಮೀನಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಇದ್ದೇ ಇದೆ. ಬಾಂಗುಸ್ ಮಾತ್ರ ಫ್ರೀಜ್ ಮಾಡಿ ಮುಳ್ಳು ತೆಗೆದದ್ದನ್ನೇ ತನ್ನಿ. ಆ ಮೀನಿನಲ್ಲಿ ಮುಳ್ಳು ವಿಪರೀತ. ಫಿಲಿಪಿನೋಗಳು ಒಂದೊಂದಾಗಿ ಕಿತ್ತು ಪ್ಯಾಕ್ ಮಾಡಿ ಕಳಿಸುತ್ತಾರೆ, ಆ ಕೆಲಸಕ್ಕೆ ಕೊಡುವ ದುಡ್ಡು ಸಾರ್ಥಕ.

ಸಿಹಿಗೆ ಉಬೆ ಹಲ್ವಾ ಮಾಡಬೇಕು ಅನ್ನಿಸಿದರೆ ಬಣ್ಣದ ಎಸೆನ್ಸ್ ಬಾಟಲಿಗೆ ಮೋಸ ಹೋಗಬೇಡಿ. ಉಬೆ ಅಂದರೆ ನೇರಳೆ ಬಣ್ಣದ ತೂಣಗೆಣಸು, ಸಿಹಿಗೆಣಸಲ್ಲ. ಗುಜರಾತಿಗಳು ಉಂಧಿಯುಗೆ ಹಾಕುವ ನೇರಳೆ ಕಂದ್ ಅದೇ ಜಾತಿಯದು. ನಮ್ಮ ಅಂಗಡಿಗಳ ಫ್ರೀಜರಿನಲ್ಲಿ ಹೆಚ್ಚಿಟ್ಟದ್ದು ಸಿಗುತ್ತದೆ. ಬೇಯಿಸಿ ಅರೆದು, ತೆಂಗಿನಹಾಲು, ಕಂಡೆನ್ಸ್ಡ್ ಹಾಲು, ಬೆಣ್ಣೆ ಹಾಕಿ ತಳ ಹಿಡಿಯದಂತೆ ಕೈಯಾಡಿಸುತ್ತ ಇದ್ದರೆ ಉಬೆ ಹಲಾಯಾ ಆಗುತ್ತದೆ. ಬಣ್ಣ ಅಂಗಡಿಯದಷ್ಟು ಕಡು ಇರುವುದಿಲ್ಲ. ಪರಿಮಳ ನಿಜವಾದದ್ದು.

ಜಾಲಿಬೀ ಬಗ್ಗೆ ಹೇಳದೆ ಬಿಟ್ಟರೆ ನಿಮ್ಮ ಹೆಂಡತಿ ನನ್ನನ್ನು ಕೇಳಬಹುದು. 1978ರಲ್ಲಿ ಶುರುವಾದ ಆ ಸರಣಿ ದುಬೈನಲ್ಲೂ ಇದೆ. ಅದನ್ನು ಒಳ್ಳೆಯ ಊಟದ ಲೆಕ್ಕದಲ್ಲಿ ಅಳೆಯಬೇಡಿ. ಅಲ್ಲಿಯ ಕರಿದ ಕೋಳಿ, ಸಿಹಿ ಸ್ಪಗೆಟ್ಟಿ ಅವರ ಪಾಲಿಗೆ ಶಾಲೆಯ ದಿನಗಳ ಹುಟ್ಟುಹಬ್ಬ. ಅವರಿಗೆ ಬೇಕು ಅನ್ನಿಸಿದಾಗ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ನೀವೂ ತಿನ್ನಿ. ಅದಕ್ಕೆ ವಿಮರ್ಶೆ ಬೇಕಾಗಿಲ್ಲ.

ಬೇರೆ ಊರುಗಳಲ್ಲಿರುವ ಓದುಗರಿಗೂ ಇದೇ ಕ್ರಮ ಸಾಕು. ಸಿಂಗಪುರದಲ್ಲಿ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾ, ಹಾಂಗ್‌ಕಾಂಗಿನಲ್ಲಿ ಸೆಂಟ್ರಲ್‌ನ ವರ್ಲ್ಡ್‌ವೈಡ್ ಹೌಸ್, ಲಂಡನ್ನಿನಲ್ಲಿ ಅರ್ಲ್ಸ್ ಕೋರ್ಟ್, ನ್ಯೂಯಾರ್ಕಿನಲ್ಲಿ ಕ್ವೀನ್ಸ್‌ನ ವುಡ್‌ಸೈಡ್. ಇವು ಶುರು ಮಾಡುವ ಜಾಗಗಳು. ಹಾಂಗ್‌ಕಾಂಗ್, ಸಿಂಗಪುರದಲ್ಲಿ ಭಾನುವಾರ ಹೋಗಿ, ಮನೆಗೆಲಸದವರಿಗೆ ರಜೆ ಇರುವ ದಿನ ಅದು. ಎಲ್ಲಿ ಹೋದರೂ ಪ್ರಾಂತ್ಯದ ಹೆಸರು ಹಿಡಿದು ಕೇಳಿ: ಇಲೊಂಗೊ, ಬಿಕೋಲ್, ಕಪಂಪಾಂಗನ್, ಇಲೊಕಾನೊ, ಸೆಬುವಾನೊ. ಬಿಕೋಲಿನವರಿಗೆ ತೆಂಗಿನಹಾಲು ಮತ್ತು ಮೆಣಸು ಬೇಕು, ಇಲೊಕಾನೊದವರಿಗೆ ಕಹಿ ಮತ್ತು ಉಪ್ಪುಮೀನು. ಒಂದೇ ಹೋಟೆಲ್ ಇಬ್ಬರನ್ನೂ ಮೆಚ್ಚಿಸಲಾರದು.

ನಿಮ್ಮ ಅತ್ತೆಗೆ ಫೋನ್ ಮಾಡುವುದನ್ನು ಮರೆಯಬೇಡಿ. ಲಸ್ವಾಕ್ಕೆ ಅವರ ಮನೆಯಲ್ಲಿ ಸಿಗಡಿ ಹಾಕುತ್ತಾರೋ ಒಣಮೀನು ಹಾಕುತ್ತಾರೋ, ಕೆಎಂಯುಗೆ ನಿಂಬೆಹುಲ್ಲು ಉಂಟೋ ಇಲ್ಲವೋ, ಇದು ಮನೆಯಿಂದ ಮನೆಗೆ ಬೇರೆ. ನಾನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಅವರು ಹೇಳಿದ ಹಾಗೆ ಮಾಡಿ. ಯಾರಾದರೂ ಊರಿಂದ ಬರುವವರಿದ್ದರೆ ಒಣ ಕಾಡ್ಯೊಸ್ ಕಾಳು, ಬತ್ವಾನ್ ಪುಡಿ, ಗಿಮರಾಸ್ ದ್ವೀಪದ ಒಣ ಮಾವು, ಇಲೊಯಿಲೊದ ಬಿಸ್ಕೋಚೊ ತರಿಸಿ. ಇವು ಹಗುರ, ಕೆಡುವುದಿಲ್ಲ. ಗಿನಮೊಸ್ ತರುವುದಾದರೆ ಎರಡು ಜಿಪ್ ಚೀಲ, ಅದರ ಮೇಲೆ ಮುಚ್ಚಳದ ಡಬ್ಬಿ, ಅದಕ್ಕೆ ಸುತ್ತಲೂ ಟೇಪ್, ಚೆಕ್ ಇನ್ ಸೂಟ್‌ಕೇಸಿನಲ್ಲಿ ಮಾತ್ರ. ಮಾಂಸದ ಪದಾರ್ಥ ಬೇಡ ಅಂತ ಮೊದಲೇ ಹೇಳಿಬಿಡಿ.